ಮೀನಿಲ್ಲದ ಐದನೆಯ ಚಿತ್ರ

ಐದನೆಯ ಚಿತ್ರ ಬಂದಾಗ ಕನ್ನಡಕದಂಗಡಿಯವನ ಎದೆ ಹಗುರಾಯಿತು. ಆದರೆ ದೊಡ್ಡದು ಮಾಡಿ ನೋಡಿದ್ದೇ ತಡ, ಅದೇ ಎದೆಗೆ ಕಲ್ಲು ಕಟ್ಟಿದಂತಾಯಿತು.

ಅಕ್ವೇರಿಯಂ ಗೆಳೆಯರ ಗ್ರೂಪಿನಲ್ಲಿ ತಿಂಗಳಿಗೊಮ್ಮೆ ಮೀನಿನ ಫೋಟೋ ಸ್ಪರ್ಧೆ. ನಡೆಸುವವನು ಅವನೇ, ತೀರ್ಪು ಹೇಳುವವನೂ ಅವನೇ. ಒಂದು ಕಾಲಕ್ಕೆ ಚಿತ್ರಗಳು ಸಂತೆಯಂತೆ ನೆರೆಯುತ್ತಿದ್ದವು, ಈಗ ಬರ. "ಐದಾದ್ರೂ ಬರದಿದ್ರೆ ಈ ತಿಂಗಳಿಗೇ ಮುಗಿಸಿಬಿಡೋಣಪ್ಪ," ಎಂದಿದ್ದರು ಗ್ರೂಪಿನ ಹಿರಿಯರು.

ಸ್ಪರ್ಧೆ ನಿಂತರೆ ಮೀನುಗಳಿಗೇನು ನಷ್ಟ? ನಷ್ಟವೆಲ್ಲ ಅವನಿಗೆ. ಹಗಲೆಲ್ಲ ಹತ್ತು ಜನರ ಮೂಗಿಗೆ ಕನ್ನಡಕ ಕೂರಿಸಿ ಸಂಜೆ ಮನೆಯ ಬೀಗ ತೆಗೆದರೆ, ಅವನನ್ನು ಕಂಡು ಓಡಿ ಬರುವುದು ಗಾಜಿನಾಚೆಯ ಮೀನುಗಳು ಮಾತ್ರ, ಅವೂ ಕಾಳಿನಾಸೆಗೆ. ಇನ್ನು ಗ್ರೂಪಿನಲ್ಲಿ ಚಿತ್ರದ ಜೊತೆ ನಾಲ್ಕು ಮಾತು ಬರೆಯುವವಳೆಂದರೆ ಈ ಐದನೆಯ ಚಿತ್ರ ಕಳಿಸಿದ ದರ್ಜಿಯವಳು. ಅವಳ ಮುಖ ಕಂಡವನಲ್ಲ. ಅವಳ ನೀಲಿ ಫೈಟರ್ ಮೀನನ್ನು ಮಾತ್ರ ಎಳೆ ಎಳೆಯಾಗಿ ಬಲ್ಲ.

ಎಡವಟ್ಟಾದದ್ದೇ ಅಲ್ಲಿ. ಹಿಂದೊಮ್ಮೆ ಆ ಮೀನಿನ ಬಾಲ ಹರಿದು, ಮತ್ತೆ ಚಿಗುರಿದಾಗ ಅಂಚು ಬಣ್ಣವಿಲ್ಲದೆ ಬೆಳೆದಿತ್ತು. "ದೇವರು ಬೇರೆ ನೂಲಲ್ಲಿ ಅಂಚು ಹೊಲಿದಿದ್ದಾನೆ, ನನ್ನನ್ನ ಕೇಳಿದ್ರೆ ಮ್ಯಾಚಿಂಗ್ ಕೊಡ್ತಿದ್ದೆ," ಎಂದು ಅವಳೇ ಬರೆದಿದ್ದಳು. ಇವತ್ತಿನ ಚಿತ್ರದಲ್ಲಿ ಬಾಲ ತುದಿಯವರೆಗೂ ನೀಲಿ. ಹಳೆಯ ಚಿತ್ರ! ನಿಯಮವೋ, ಆ ತಿಂಗಳೇ ತೆಗೆದದ್ದಾಗಬೇಕು.

ಕಂಡೂ ಕಾಣದಂತಿದ್ದರೆ ಸ್ಪರ್ಧೆ ಉಳಿದೀತು. ಆದರೆ ದೇವರೇ ಎಂದು ಕಣ್ಣು ಮುಚ್ಚಿದರೂ ಆ ಬಾಲವೇ ಕಾಣುತ್ತಿತ್ತು. ಮೊದಲ ಬಾರಿಗೆ ಅವಳಿಗೆ ಫೋನ್ ಮಾಡಿದ.

"ಅಯ್ಯೋ, ಜಡ್ಜ್ ಸಾಹೇಬ್ರು! ನಾನೇ ಫಸ್ಟಾ?"

"ಫೋಟೋ ಚೆನ್ನಾಗಿದೆ. ಆದ್ರೆ ಹಳೇದು ಕಣ್ರೀ. ಬಾಲದಂಚು..."

ಅತ್ತ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಕನ್ನಡಕ ಮಾರೋರ ಕಣ್ಣಿಗೇ ಮಣ್ಣೆರಚೋಕೆ ಹೋದೆ ನೋಡಿ." ನಕ್ಕಳು, ನಗು ಅರ್ಧಕ್ಕೇ ಹರಿಯಿತು. "ನನ್ನ ಫೈಟರ್ ಹೋಗಿಬಿಟ್ಟ ರೀ. ವಯಸ್ಸಾಗಿತ್ತು."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ? ಮೀನಿಲ್ಲದವಳಿಗೆ ಆ ಗ್ರೂಪಲ್ಲೇನು ಕೆಲಸ? ಫೋಟೋ ಇಲ್ಲ ಅಂದ್ರೆ ನಿಮ್ಮ ಮಾತೂ ಇಲ್ಲ. ಫೋಟೋ ಕೆಳಗೆ ನೀವು ಬರೆಯೋ ಆ ಒಂದು ಸಾಲಿಗೆ ತಿಂಗಳೆಲ್ಲ ಕಾಯ್ತೀನಿ. ನಗಬೇಡಿ."

ಅವನು ನಗಲಿಲ್ಲ. "ಆ ಒಂದು ಸಾಲು ಬರೆಯೋಕೆ ನನಗೆ ಒಂದಿಡೀ ಸಂಜೆ ಬೇಕಾಗುತ್ತೆ," ಎಂದ.

ಅತ್ತ ಯಂತ್ರ ಒಂದೆರಡು ಹೊಲಿಗೆ ಹಾಕಿ ಮತ್ತೆ ನಿಂತಿತು.

"ಹಾಗಾದ್ರೆ ಆ ಫೋಟೋ ಇಟ್ಕೊಂಡ್ಬಿಡಿ. ಸ್ಪರ್ಧೆ ಉಳಿಯುತ್ತೆ."

"ಇಲ್ಲ, ಸ್ಪರ್ಧೆಯಿಂದ ತೆಗೀತೀನಿ. ಈಗ ಸುಳ್ಳಿಗೆ ಹೂಂ ಅಂದ್ರೆ, ನಾಳೆ ನಾನು ನಿಜ ಹೇಳಿದ್ರೂ ನೀವು ನಂಬಲ್ಲ. ಟ್ಯಾಂಕ್ ಏನು ಮಾಡಿದ್ರಿ?"

"ಹಾಗೇ ಇದೆ. ನೀರು, ಗಿಡ, ಲೈಟು. ಆರಿಸೋಕೆ ಕೈ ಬರಲ್ಲ."

"ಅದರದ್ದೇ ಫೋಟೋ ತೆಗೆದು ಕಳಿಸಿ."

"ಮೀನಿನ ಸ್ಪರ್ಧೆಗೆ ಮೀನಿಲ್ಲದ ಫೋಟೋನಾ? ಹಿರಿಯರು ಉಗೀತಾರೆ!"

"ಉಗಿಸ್ಕೊಳ್ಳೋನು ನಾನು ತಾನೇ?"

ಕಳಿಸಿದಳು. ಹಸಿರು ಗಿಡ, ನಿಂತ ನೀರು. ಅದರ ಮುಂದಿನ ಗಾಜಿನಲ್ಲಿ, ಅವಳಿಗರಿವಿಲ್ಲದೆಯೇ ಮೂಡಿದ ಮುಖ: ಕಿವಿಯ ಹಿಂದೆ ಸಿಕ್ಕಿಸಿದ ಸೀಮೆಸುಣ್ಣ, ಅತ್ತು ಊದಿದ ಕಣ್ಣು. ಅವನು ಬಹಳ ಹೊತ್ತು ನೋಡಿದ. ಮುಖವಿದ್ದ ಭಾಗವನ್ನು ಕತ್ತರಿಸಿ ತನ್ನಲ್ಲೇ ಇಟ್ಟುಕೊಂಡು ಉಳಿದದ್ದನ್ನು ಗ್ರೂಪಿಗೆ ಹಾಕಿದ: "ಮೀನು ತೀರಿಕೊಂಡಿದೆ. ಇದನ್ನೂ ಲೆಕ್ಕಕ್ಕೆ ಹಿಡಿಯಲು ಅಪ್ಪಣೆ ಬೇಕು."

ಆಮೇಲೆ ವರ್ಷದಿಂದ ಸದ್ದಿಲ್ಲದಿದ್ದವರೊಬ್ಬರ ಚಿತ್ರ ಬಂತು; ಅದೂ ಖಾಲಿ ಟ್ಯಾಂಕು. ಹಿಂದೆಯೇ ಇನ್ನೊಂದು. ಕಡೆಗೆ ಹಿರಿಯರದೇ. "ನಂದೂ ಖಾಲಿನೇ ಕಣಪ್ಪ. ಹೇಳೋಕೆ ನಾಚಿಕೆ ಆಗಿತ್ತು. ಸ್ಪರ್ಧೆ ನಡೀಲಿ."

ಅವನು ಮತ್ತೆ ಅವಳಿಗೆ ಫೋನ್ ಮಾಡಿದ.

"ಭಾನುವಾರ ಬರ್ತೀನಿ. ನನ್ನ ಟ್ಯಾಂಕಿಂದ ಒಳ್ಳೇ ಮೀನು ಆರಿಸಿ ತರ್ತೀನಿ."

"ಮೀನು ಆಮೇಲೆ ತಂದ್ರಾಯ್ತು," ಎಂದಳು ಮೆಲ್ಲಗೆ. "ಮೊದಲು ನೀವು ಬನ್ನಿ, ಬರಿಗೈಲಿ."