ಗರಗರದ ಆಚೆ ಅಮ್ಮ

"ಇದಲ್ಲ ಮಾವ! ಇದು ಬಾಣಲೆಯಲ್ಲಿ ಮೀನು ಹುರಿದ ಹಾಗಿದೆ!"

ಅರಳು ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲಿಟ್ಟಳು. ಅರಳು ಹುರಿದಂತೆ ಪಟಪಟ ಮಾತಾಡುತ್ತಾಳೆಂದು ಮನೆಯಲ್ಲಿ ಅವಳಿಗೆ ಅದೇ ಹೆಸರಾಗಿತ್ತು.

ಮಾವ ತಲೆ ಕೆರೆದುಕೊಂಡ. ಹಾಡು ರೆಕಾರ್ಡ್ ಮಾಡುವವರ ಕಂಪ್ಯೂಟರಿಗೆ ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಈಗ ಬರೆಯುತ್ತಿದ್ದದ್ದು ಚೊಕ್ಕ ದನಿಗೆ ಗರಗರ ಬೆರೆಸಿ, ಬೇಕೆಂದೇ ಕೆಡಿಸುವ ಪ್ಲಗಿನ್.

"ಕೆಡಿಸೋಕೆ ಕಂಪ್ಯೂಟರ್ ಯಾಕೆ? ನಮ್ಮ ಪಿ.ಟಿ. ಮೇಷ್ಟ್ರ ಮೈಕ್ ಸಾಕು," ಎಂದು ಅರಳು ಮೊದಲು ನಕ್ಕಿದ್ದಳು. ಆದರೆ ಅದು ಹಡಗಿನ ಫೋನಿನ ಹಾಗೆ ಕೇಳಿಸಬೇಕು ಎಂದು ಮಾವ ಹೇಳಿದ್ದೇ ತಡ, ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದಳು.

ಅವಳ ಅಮ್ಮ ದೂರದ ಸಮುದ್ರದಲ್ಲಿ, ಹಡಗಿನ ಇಂಜಿನ್ ರೂಮಿನಲ್ಲಿ ಮೆಕ್ಯಾನಿಕ್. ಭಾನುವಾರ ಸಂಜೆ ಫೋನ್ ಮಾಡುತ್ತಿದ್ದಳು. ಏಳು ಸಮುದ್ರ ದಾಟಿ ಬರುವಷ್ಟರಲ್ಲಿ ಅಮ್ಮನ ಮಾತು ತೊಯ್ದು ತೊಪ್ಪೆಯಾಗಿರುತ್ತಿತ್ತು. ಆದರೂ ಆ ದನಿಗಾಗಿ ಅರಳು ವಾರವಿಡೀ ಕಾಯುತ್ತಿದ್ದಳು.

"ಇವತ್ತು ಅಮ್ಮನ ಫೋನ್ ಬರುತ್ತೆ. ಮಾತಾಡ್ತೀಯಲ್ಲ?" ಮಾವ ಕೇಳಿದ.

"ಇಲ್ಲ. ಟೂ ಬಿಟ್ಟಿದ್ದೀನಿ. ಹೋದ ವಾರ ಸೈಕಲ್ ಕಲಿತೆ ಅಂತ ಹೇಳಿದ್ರೆ ಬರೀ 'ಏನು? ಏನು?' ಅಂತಿದ್ಳು. ಅಷ್ಟರಲ್ಲಿ ಲೈನ್ ಕಟ್. ನನ್ನ ಮಾತಂದ್ರೆ ಅವಳಿಗೆ ಅಷ್ಟಕ್ಕಷ್ಟೇ."

ಮಾವ ಅವಳ ಮುಖ ನೋಡಿ ಮಾತು ಬದಲಿಸಿದ. "ಸರಿ, ಇದ್ರಲ್ಲಿ ಏನು ತಪ್ಪಿದೆ ಹೇಳು ಮೇಡಂ."

"ರೆಕಾರ್ಡಲ್ಲಿ ನೀನು ಮಾತು ನಿಲ್ಸಿದ್ರೂ ಇದು ಬುಸುಗುಡ್ತಾನೇ ಇರುತ್ತೆ. ಹಡಗಿನ ಫೋನ್ ಹಾಗಲ್ಲ. ಅಮ್ಮ ಸುಮ್ನಾದ್ರೆ ಅದೂ ಸುಮ್ನಾಗುತ್ತೆ. ಅಮ್ಮ ಜೋರು ಮಾಡಿದ್ರೆ ಅದೂ ಜೋರು ಮಾಡುತ್ತೆ."

"ಭಲೇ! ಗರಗರಾನ ದನಿಯ ಬಾಲಕ್ಕೆ ಕಟ್ಟಬೇಕು ಅನ್ನು!" ಮಾವ ಪ್ರೋಗ್ರಾಮಿನಲ್ಲಿ ಒಂದೆರಡು ಸಾಲು ತಿದ್ದಿ ಮೈಕ್ ಅವಳತ್ತ ತಿರುಗಿಸಿದ. "ಈಗ ನೀನೇ ಏನಾದ್ರೂ ಹೇಳು."

"ಸೈಕಲ್ ಕಲಿತೆ, ತಿರುವಿನಲ್ಲೂ ಬೀಳ್ಲಿಲ್ಲ, ನಾಯಿ ಅಡ್ಡ ಬಂದ್ರೂ ಬ್ರೇಕ್ ಹಿಡಿದೆ!" ಒಂದೇ ಉಸಿರಿನಲ್ಲಿ ಹೇಳಿ ಹೆಡ್‌ಫೋನ್ ಹಾಕಿಕೊಂಡಳು.

ಗರ್ರ್... ಕಲ್... ಗರ್ರ್... ನಾಯಿ... ಗರ್ರ್ರ್.

ಥೇಟ್ ಹಡಗಿನ ಫೋನು!

"ಆದ್ರೆ ಏನಂದೆ ನಾನು?" ಅರಳು ಕೇಳಿದಳು. "ಮಾವ, ಇನ್ನೊಂದ್ ಸಲ ಹಾಕು."

ಮಾವ ಹಾಕಿದ. ಮತ್ತೂ ಒಂದು ಸಲ ಹಾಕಿದ. ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ತನ್ನದೇ ಮಾತನ್ನು ಹುಡುಕುತ್ತಿದ್ದಳು. ಹಾಗೆ ಹುಡುಕುತ್ತಲೇ ಅಮ್ಮ ಕಾಣಿಸಿದಳು. ಇಂಜಿನ್ ಸದ್ದಿನ ನಡುವೆ, ಎಣ್ಣೆ ಮೆತ್ತಿದ ಕೈಯಿಂದ ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನ್ ಒತ್ತಿ ಹಿಡಿದು ನಿಂತಿದ್ದಳು.

"ಮಾವ, ನಾನು ಅಲ್ಲಿಗೆ ಹೀಗೇನಾ ಕೇಳಿಸೋದು?"

ಅಷ್ಟರಲ್ಲಿ ಫೋನ್ ರಿಂಗಾಯಿತು. ಮಾವ ಎತ್ತಿಕೊಂಡ. "ಹಲೋ ಅಕ್ಕಾ... ಇಲ್ಲೇ ಇದ್ದಾಳೆ, ಆದ್ರೆ..."

ಅರಳು ಫೋನ್ ಕಿತ್ತುಕೊಂಡಳು.

"ಅಮ್ಮಾ," ಎಂದಳು. ಆ ಒಂದು ಮಾತು ಸಮುದ್ರ ದಾಟಲಿ ಎಂದು ಕಾದಳು. "ಸೈಕಲ್." ಮತ್ತೆ ಕಾದಳು. "ಬಿಡೋಕೆ... ಕಲಿತೆ."

ಆ ಕಡೆಯಿಂದ ಒಮ್ಮೆಲೇ, ಫೋನೇ ಒಡೆದುಹೋಗುವಂಥ ಗರಗರ!

ಅಮ್ಮ ಅಷ್ಟು ಜೋರು ಮಾಡಿದ್ದಳು! ಅದರಲ್ಲಿ ಒಂದು ಅಕ್ಷರವೂ ತಿಳಿಯಲಿಲ್ಲ. ಏನೆಂದು ಅರಳು ಕೇಳಲೂ ಇಲ್ಲ. ನಗುತ್ತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.