ಒಂದೇ ನಂಬರು, ಎರಡು ಬಾಗಿಲು

"ನಮ್ಮಮ್ಮ ಮೋಸಗಾರ್ತೀನಾ, ಸಾರ್?"

ಸುಮಿತಾಳ ದನಿಗೆ ಬಂಗಾರಪೇಟೆಯ ಆ ಪುಟ್ಟ ಆಫೀಸಿನ ಕೀಬೋರ್ಡುಗಳೆಲ್ಲ ಗಪ್‌ಚುಪ್ಪಾದವು.

ಮುನೀಂದ್ರ ತಲೆಯೆತ್ತಿದ. ನಿನ್ನೆಯವರೆಗೂ ಹೋಗೋ ಬಾರೋ ಅನ್ನುತ್ತಿದ್ದವಳ ಬಾಯಲ್ಲಿ ಇವತ್ತು 'ಸಾರ್'! ಅವನಿಗೆ ಅಲ್ಲೇ ಅರ್ಧ ಜೀವ ಹೋಯಿತು.

ಕಾರ್ಖಾನೆಗಳು ಯಾರಿಂದ ಏನೇನು ಕೊಂಡಿವೆ ಎಂಬ ಸಾವಿರಾರು ಬಿಲ್ಲುಗಳ ಪಟ್ಟಿಯನ್ನು ಚೊಕ್ಕ ಮಾಡುವುದು ಅವರ ಕೆಲಸ. ಬೋಲ್ಟು ಒಂದು ಗುಂಪಿಗೆ, ಗ್ಲೌಸು ಇನ್ನೊಂದಕ್ಕೆ. ಒಬ್ಬನೇ ವ್ಯಾಪಾರಿ ನಾಲ್ಕು ಹೆಸರಲ್ಲಿದ್ದರೆ ಹಿಡಿದು ಒಂದು ಮಾಡಬೇಕು. ಸುಮಿತಾಗೆ ಇದನ್ನೆಲ್ಲ ಕಲಿಸಿದವನೇ ಮುನೀಂದ್ರ. ಕಲಿಸುತ್ತ ಕಲಿಸುತ್ತ ಅವಳ ಮನಸ್ಸನ್ನೂ ಕದ್ದಿದ್ದ, ಕಿಲಾಡಿ!

ಅವಳ ತಾಯಿ ಪುಷ್ಪ ಮೈಸೂರು ಮೈನ್ಸ್ ಎಂಬ ಹಳೇ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿ ಕೂತು ಒಂದು ಕಾರ್ಖಾನೆಗೆ ಗ್ಲೌಸು ಹೊಲಿದುಕೊಡುತ್ತಿದ್ದಳು. ಪಕ್ಕದ ಮನೆಯ ಮುತ್ಯಾಲಮ್ಮನದೂ ಅದೇ ಕೆಲಸ. ಪುಷ್ಪಳಿಗಾಗಲಿ ಮುತ್ಯಾಲಮ್ಮನಿಗಾಗಲಿ ಫೋನಿಲ್ಲದ್ದರಿಂದ ಇಬ್ಬರೂ ಸುಮಿತಾಳ ನಂಬರನ್ನೇ ಕೊಟ್ಟಿದ್ದರು. ಲೈನ್ ಮನೆಗಳಲ್ಲಿ ಹಾಗೇ, ಒಂದು ಫೋನು ಮೂರು ಮನೆಗೆ.

ಆ ಕಾರ್ಖಾನೆಯ ಪಟ್ಟಿ ಮುನೀಂದ್ರನ ಕೈಗೆ ಬಂದಿತ್ತು. ನಂಬರ್ ಒಂದೇ, ಲೈನ್ ಒಂದೇ, ಹೆಸರು ಮಾತ್ರ ಎರಡು. 'ಒಬ್ಬರೇ ಎರಡು ಹೆಸರಲ್ಲಿ ಬಿಲ್ ಹಾಕಿರುವ ಅನುಮಾನ' ಎಂದು ಬರೆದು ಕಳಿಸಿಬಿಟ್ಟ. ಇವತ್ತು ಬೆಳಿಗ್ಗೆ ಇಬ್ಬರು ಹೆಂಗಸರ ಆರ್ಡರೂ ನಿಂತುಹೋಯಿತು.

"ಆ ನಂಬರ್ ಯಾರ್ದು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು..."

ಗೊತ್ತಿತ್ತಂತೆ! ದಿನಾ ನಾಲ್ಕು ಸಲ ಅವನೇ ಒತ್ತುವ ನಂಬರು... ಸುಮಿತಾಳ ಎದೆ ಧಗಧಗಿಸಿತು.

"ಸುಮ್ನೆ ಬಿಟ್ಟಿದ್ರೆ, ತನ್ನ ಹುಡುಗಿ ಅಂತ ಬಿಟ್ಟ ಅಂತಿದ್ರು ಸುಮಿ. ಭಯ ಆಯ್ತು..."

"ಬಿಡು ಅಂತ ಯಾರಂದ್ರು? ಕೇಳ್ಬೇಕಿತ್ತು! ಒಂದೇ ಒಂದು ಮಾತು!"

ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಮನೆ ಕಡೆಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಕೂತಳು. 'ಊರೆಲ್ಲ ಅನುಮಾನ ಪಡಲಿ... ಇವನೂ ಪಟ್ಟನಲ್ಲ!' ನಂಬಿ ಕೆಟ್ಟೆ ಎಂದು ಬಿಕ್ಕಿಬಿಕ್ಕಿ ಅತ್ತಳು.

ಮೂರು ದಿನ ಕೆಲಸಕ್ಕೆ ಹೋಗಲಿಲ್ಲ, ಅವನ ಫೋನು ಎತ್ತಲಿಲ್ಲ.

"ಈ ಲೈನ್ನಾಗೆ ಉಟ್ಟಿ ಬೆಳೆದೋಳು ನಾನು. ಯಾರೂ ನನ್ನ ಕಳ್ಳಿ ಅಂದಿರ್ಲಿಲ್ಲ ಕಣಮ್ಮೀ," ಎಂದು ಪುಷ್ಪ ಕೆಲಸವಿಲ್ಲದೆ ನಿಂತಿದ್ದ ಹೊಲಿಗೆ ಮಿಷಿನ್ ಒರೆಸಿದಳು.

ನಾಲ್ಕನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಮುನೀಂದ್ರ! ಜೊತೆಗೆ ಕಾರ್ಖಾನೆಯ ಖರೀದಿ ಮೇಡಂ ಅರುಣಕುಮಾರಿ.

"ಮೇಡಂ, ಇದು ಪುಷ್ಪಮ್ಮನ ಮನೆ, ಅದು ಮುತ್ಯಾಲಮ್ಮನ ಮನೆ. ವಿಚಾರಿಸದೆ ಬರೆದೆ. ತಪ್ಪು ನನ್ನದು," ಎಂದ, ಇಡೀ ಲೈನಿಗೆ ಕೇಳುವ ಹಾಗೆ.

ಪಕ್ಕದ ಬಾಗಿಲಿಂದ ಮುತ್ಯಾಲಮ್ಮ ಕುಂಟುತ್ತ ಬಂದಳು. "ನಾನೂ ಪುಷ್ಪಾನೂ ಒಬ್ಬಳೇನಾ? ಅಂಗಾದ್ರೆ ನನ್ ಮಂಡಿನೋವು ಅವಳ್ಗ್ಯಾಕೆ ಬರಾಕಿಲ್ಲ?"

ಅರುಣಕುಮಾರಿ ನಕ್ಕುಬಿಟ್ಟರು. ಎರಡೂ ಮನೆಯ ಮಿಷಿನ್ ನೋಡಿ, ನಾಳೆಯಿಂದಲೇ ಆರ್ಡರ್ ಕೊಡುವುದಾಗಿ ಹೇಳಿ, ಪುಷ್ಪಳ ಕೈಹಿಡಿದು ಕ್ಷಮೆ ಕೇಳಿದರು.

ಎಲ್ಲರೂ ಕಾಫಿಗೆಂದು ಒಳಗೆ ಹೋದರು. ಹೊರಗೆ ಸುಮಿತಾ, ಮುನೀಂದ್ರ ಇಬ್ಬರೇ ಉಳಿದರು.

"ಆರ್ಡರ್ ವಾಪಸ್ ತಂದ್ಕೊಟ್ಟೆ. ನಂಬಿಕೆ?" ಸುಮಿತಾಳ ಕಣ್ಣು ತುಂಬಿತ್ತು.

"ಅದನ್ನ ಕೇಳೋಕೆ ನನಗೆ ಮುಖ ಇಲ್ಲ ಸುಮಿ."

"ಮತ್ತೆ ಅನುಮಾನ ಬಂದ್ರೆ?"

"ಮೊದಲು ನಿನ್ನನ್ನೇ ಕೇಳ್ತೀನಿ. ಯಾರೇನೇ ಅಂದ್ಕೊಳ್ಳಲಿ."

"ಹಂಗಾದ್ರೆ ಈಗ್ಲೇ ಒಂದು ಕೇಳು, ನೋಡೋಣ."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನ್ನ... ಇನ್ನೂ ಪ್ರೀತಿಸ್ತೀಯಾ?"

ಅವಳು ಅವನ ಅಂಗಿ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಪ್ರೀತಿಸ್ತೀನಿ. ಕೋಪಾನೂ ಇದೆ... ಸ್ವಲ್ಪ ದಿನ ಎರಡನ್ನೂ ಸಹಿಸ್ಕೋ."