ತೊಳೆಯಬಾರದ ಗಾಯ

ಒಪ್ಪಿಸಿದ್ದ ಕೆಲಸ ಇಷ್ಟೇ: ಹೊಳೆಯಾಚೆಯ ಮರ ಕಡಿಯುವವರ ಶಿಬಿರಕ್ಕೆ ಹೋಗಬೇಕು, ರಕ್ತ ಹೀರುವ ಉಣುಗು ಕಚ್ಚಿದ ಜಾಗದ ಚರ್ಮದಿಂದ ಮಾದರಿ ತೆಗೆದು ಮೂರು ದಿನದೊಳಗೆ ತರಬೇಕು. ಶಿಬಿರದಲ್ಲಿ ಹನ್ನೊಂದು ಮಂದಿ ಜ್ವರ ಹಿಡಿದು ಮಲಗಿದ್ದರು. ಒಬ್ಬ ಆಗಲೇ ತೀರಿಕೊಂಡಿದ್ದ. ಗುತ್ತಿಗೆದಾರನೋ, “ಸ್ನಾನ ಮಾಡದವರಿಗೆ ಬರೋ ಕೊಳೆ ಜ್ವರ ಅದು” ಎಂದು ಕೈತೊಳೆದುಕೊಂಡಿದ್ದ. ಉಣುಗು ತುಂಬಿದ ಆ ಪೊದೆಗಾಡಿನಿಂದ ಶಿಬಿರ ಎಬ್ಬಿಸಲು ಆರೋಗ್ಯ ಇಲಾಖೆಗೆ ಪುರಾವೆ ಬೇಕಿತ್ತು.

ಹೊರಟವರು ಮೂವರು. ಪ್ರಯೋಗಾಲಯದ ತಂತ್ರಜ್ಞೆ, ಆಸ್ಪತ್ರೆಯ ತರುಣ ನರ್ಸ್, ದಾರಿ ತೋರಲು ಅರಣ್ಯದ ಕಾವಲುಗಾರ. ಎಷ್ಟು ದೂರ ಎಂದು ಕೇಳಿದರೂ ಆತನ ಬಾಯಲ್ಲಿ ಬರುತ್ತಿದ್ದುದು “ಅರ್ಧ ಗಂಟೆ”. ಹಾಗಾಗಿ ಅವನ ಹೆಸರೇ ಅರ್ಧಗಂಟೆ.

ಜೀಪು ನಿಂತ ಕಡೆ ತಂತ್ರಜ್ಞೆ ಮೂವರ ಸೊಂಟ, ತೋಳುಗಳಿಂದಲೂ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಜೀಪಿನ ಐಸ್ ಡಬ್ಬಿಯಲ್ಲಿಟ್ಟಳು.

“ನಮಗೇನಾಗಿದೆ ಮೇಡಂ?” ಎಂದ ನರ್ಸ್.

“ಏನೂ ಆಗಿಲ್ಲ, ಅದಕ್ಕೇ. ಚರ್ಮದ ಮೇಲೆ ಬ್ಯಾಕ್ಟೀರಿಯಾಗಳದ್ದೊಂದು ಸಂಸಾರ ಇರುತ್ತೆ. ಉಣುಗು ಕಚ್ಚಿದ್ರೆ ಅದರ ಜೊಲ್ಲು ಆ ಸಂಸಾರನ ಏರುಪೇರು ಮಾಡಬಹುದು. ರೋಗಾಣು ಇಳಿಯೋದೂ ಅದೇ ಜೊಲ್ಲಲ್ಲೇ. ಮುಂಚೆ ಹೇಗಿತ್ತು ಅಂತ ಗೊತ್ತಿರಬೇಕಲ್ಲ?”

ಕಾಡು ಮೊದಲಿಗೆ ವಿರಳವಾಗಿತ್ತು. ಎತ್ತರದ ಮರಗಳ ನಡುವೆ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಹೊಳೆ ದಾಟಿದ ಮೇಲೆ ನೆಲವೇ ಕಾಣಿಸಲಿಲ್ಲ. ಸೊಂಟದೆತ್ತರದ ಹುಲ್ಲು, ಮುಳ್ಳುಬಳ್ಳಿ, ಜಿಂಕೆಗಳು ಮಲಗಿ ಎದ್ದು ಮಾಡಿದ ಗುಂಡಿಗಳು. ಬಿಳಿ ಬಟ್ಟೆಯೊಂದನ್ನು ಹುಲ್ಲಿನ ಮೇಲೆ ಹತ್ತು ಹೆಜ್ಜೆ ಎಳೆದರೆ ಎಳ್ಳು ಚೆಲ್ಲಿದಂತೆ ಉಣುಗು ಅಂಟಿಕೊಳ್ಳುತ್ತಿತ್ತು.

ಶಿಬಿರದಲ್ಲಿ ಒಂದು ರಾತ್ರಿ ಕಳೆದರು. ನರ್ಸ್ ಹನ್ನೊಂದು ಮಂದಿಗೂ ಔಷಧ ಶುರುಮಾಡಿದ. ಮೈಮೇಲೆ ಕಚ್ಚಿದ ಗುರುತಿದ್ದ ಆರು ಜನರಿಂದ ತಂತ್ರಜ್ಞೆ ಮಾದರಿ ತೆಗೆದಳು. ಚೀಲದಲ್ಲಿ ಹೊತ್ತು ತಂದಿದ್ದ ಹತ್ತಿಕಡ್ಡಿಗಳೆಲ್ಲ ಮುಗಿದವು.

ಹಿಂದಿರುಗುವ ದಾರಿಯಲ್ಲಿ ನರ್ಸ್ ಖುಷಿಯಲ್ಲಿದ್ದ. “ನಿಮಗೆ ಕಷ್ಟ ಆಗಬಾರದು ಅಂತ, ನೀವು ಕಡ್ಡಿ ಇಡೋ ಮುಂಚೇನೇ ಎಲ್ಲರ ಗಾಯ ಸ್ಪಿರಿಟ್ ಹಾಕಿ ಚೊಕ್ಕ ಮಾಡಿಟ್ಟಿದ್ದೆ ಮೇಡಂ.”

ಅವಳು ನಿಂತುಬಿಟ್ಟಳು.

“ಆರೂ ಜನರದ್ದಾ?”

“ಆರೂ.”

ಆರು ಮಾದರಿಗಳೂ ನೀರಲ್ಲಿ ಹೋಮ ಮಾಡಿದಂತಾಯಿತು. ಸ್ಪಿರಿಟ್ ತಾಗಿದ ಚರ್ಮದಲ್ಲಿ ಹುಡುಕಲು ಏನು ಉಳಿದೀತು? ಮರಳಿ ಹೋಗೋಣವೆಂದರೆ ಕೈಯಲ್ಲಿ ಕಡ್ಡಿಯಿಲ್ಲ, ಜೀಪಿನಿಂದ ತರಲು ದಿನವಿಲ್ಲ. ಅವಳು ಬಂಡೆಯ ಮೇಲೆ ಕುಸಿದಳು. ಬೆಲ್ಟಿನ ಕೆಳಗೆ ಬಲಗಡೆ ನವೆಯೆದ್ದು ಬೆರಳಾಡಿಸಿದಾಗ ಮೆಣಸಿನ ಕಾಳಿನಷ್ಟು ಗಟ್ಟಿಯಾದದ್ದೊಂದು ಸಿಕ್ಕಿತು.

ನರ್ಸ್ ಚಿಮಟದಿಂದ ಉಣುಗನ್ನು ಬುಡದಲ್ಲಿ ಹಿಡಿದು, ಹಿಸುಕದೆ, ನೇರವಾಗಿ ಎಳೆದ. ಅದು ಜೀವಂತವಾಗಿಯೇ ಶೀಷೆ ಸೇರಿತು. ಮರುಕ್ಷಣ ಅವನ ಕೈ ಸ್ಪಿರಿಟ್ ಬಾಟಲಿಗೆ ಹೋಯಿತು.

“ಕೈ ತೆಗೀರಿ!”

“ಮೇಡಂ, ಸೋಂಕು—”

“ಒಳಗೆ ಇಳಿದಿರೋದನ್ನ ಸ್ಪಿರಿಟ್ ಹೊರಗೆ ತರಲ್ಲ. ಜೀಪಲ್ಲಿ ಕಡ್ಡಿ ಇದೆ, ನನ್ನ ಮುಂಚಿನ ಮಾದರೀನೂ ಇದೆ. ಅಲ್ಲೀತನಕ ಇದಕ್ಕೆ ಒಂದು ಹನಿ ನೀರೂ ತಾಗಬಾರದು.”

ಅರ್ಧಗಂಟೆ ತಲೆ ಕೆರೆದುಕೊಂಡ. “ತಾಯೀ, ಮೇಲೆ ಮಳೆಯಾಗಿದೆ. ಹೊಳೆ ಈಗ ಎದೆಮಟ್ಟ ಇರುತ್ತೆ.”

ಇತ್ತು. ದಾಟಲು ಉಳಿದದ್ದು ಅಡ್ಡ ಬಿದ್ದ ಒಂದು ಮರ, ಪಾಚಿಗಟ್ಟಿದ್ದು. ಅರ್ಧಗಂಟೆ ಮೊದಲು ದಾಟಿ ಆಚೆ ಹಗ್ಗ ಬಿಗಿದ. ತಂತ್ರಜ್ಞೆ ಗಾಯದ ಮೇಲೆ ಒಣ ಬಟ್ಟೆ ಸಡಿಲವಾಗಿ ಕಟ್ಟಿ, ಮರವನ್ನು ಕುದುರೆಯೇರಿದಂತೆ ತಬ್ಬಿ ಕೂತು ತೆವಳಿದಳು. ಹಿಂದೆ ನರ್ಸ್.

ನಡುನೀರಿನಲ್ಲಿ ಅವನು ಜಾರಿದ.

ಹಗ್ಗ ಕೈತಪ್ಪಿತು. ಅವನ ಚೀಲದ ಪಟ್ಟಿ ಮರದ ಮೋಟಿಗೆ ಸಿಕ್ಕಿತು. ತಲೆ ಒಮ್ಮೆ ಮುಳುಗಿ ಎದ್ದಿತು.

ಅವಳು ಎಡಕ್ಕೆ ವಾಲಿ ಅವನ ಕೊರಳಪಟ್ಟಿ ಹಿಡಿದಳು. ನೀರು ಅವಳ ಭುಜಕ್ಕೆ ಬಡಿಯಿತು.

“ಬಿಡಿ ಮೇಡಂ, ನೆನೆದುಬಿಡ್ತೀರ!”

“ಬಾಯಿ ಮುಚ್ಕೊಂಡು ಮರ ಹಿಡ್ಕೊಳ್ರೀ!”

ಅರ್ಧಗಂಟೆ ಬಂದು ಅವನನ್ನು ಎತ್ತಿಹಾಕುವವರೆಗೂ ಅವಳು ಬಿಡಲಿಲ್ಲ. ದಡದಲ್ಲಿ ಅಂಗಿಯೆತ್ತಿ ನೋಡಿದಳು. ಎಡಗಡೆ ಪೂರ್ತಿ ತೊಯ್ದು ತೊಪ್ಪೆ. ಬಲಗಡೆಯ ಬಟ್ಟೆ ಒಣಗಿಯೇ ಇತ್ತು.

ಜೀಪಿನ ಬಳಿ, ಅವಳು ಹೇಳಿದಂತೆಯೇ ಗಾಯವನ್ನು ತೊಳೆಯದೆ, ಒರೆಸದೆ, ನರ್ಸ್ ಮಾದರಿ ತೆಗೆದ.

ಮಾದರಿ ತೆಗೆದ ಮೂರನೆಯ ದಿನ ಫಲಿತಾಂಶ ಬಂತು. ಉಣುಗಿನಲ್ಲಿದ್ದ ರೋಗಾಣುವೇ ಅವಳ ಚರ್ಮದಲ್ಲೂ ಇತ್ತು. ಹೊರಡುವ ಮುಂಚಿನ ಮಾದರಿಯಲ್ಲಿ ಅದರ ಸುಳಿವಿರಲಿಲ್ಲ. ಆಗ ಹೇರಳವಾಗಿದ್ದ ಚರ್ಮದ ಬ್ಯಾಕ್ಟೀರಿಯಾಗಳು ಈಗ ಅರ್ಧಕ್ಕರ್ಧ ಇಳಿದಿದ್ದವು.

“ಒಂದೇ ಮೈಯಿಂದ ವಿಜ್ಞಾನ ಆಗಲ್ಲಮ್ಮ,” ಎಂದರು ಪ್ರಯೋಗಾಲಯದ ಮುಖ್ಯಸ್ಥರು.

“ಗೊತ್ತು ಸರ್. ಇನ್ನೊಂದು ಸಲ ಹೋಗ್ಬೇಕು. ಆದ್ರೆ ಈ ಮೈ ದಿನಾ ಸ್ನಾನ ಮಾಡುತ್ತೆ. ಗುತ್ತಿಗೆದಾರನಿಗೆ ಅಷ್ಟು ಸಾಕು.”

ಮುಖ್ಯಸ್ಥರು ಆರೋಗ್ಯ ಇಲಾಖೆಗೆ ಹೋಗುವ ವರದಿಗೆ ಸಹಿ ಹಾಕಿದರು. ಉಣುಗು ಕಚ್ಚಿದ ಆರನೆಯ ದಿನ ಅವಳಿಗೆ ಜ್ವರ ಬಂತು.

ವಾರ್ಡಿನಲ್ಲಿ ನರ್ಸ್ ಔಷಧ ಕೊಟ್ಟು, ಹಾಸಿಗೆಯ ತುದಿಯಲ್ಲಿ ನಿಂತ. “ಶಿಬಿರ ಎದ್ದಿದೆ ಮೇಡಂ. ಹುಲ್ಲಿಲ್ಲದ ಕಲ್ಲುನೆಲಕ್ಕೆ ಹೋಗಿದ್ದಾರೆ. ಜ್ವರದವರಲ್ಲಿ ಒಂಬತ್ತು ಜನ ನಡ್ಕೊಂಡೇ ಹೋದ್ರಂತೆ. ಇಬ್ಬರನ್ನ ಹೊತ್ಕೊಂಡು ಹೋದ್ರು.”

“ಆ ಇಬ್ಬರು ಹೇಗಿದ್ದಾರೆ?”

“ಊಟ ಕೇಳ್ತಿದ್ದಾರೆ.”

ಅವಳು ನಕ್ಕಂತೆ ಮಾಡಿ, ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡಳು. ಥರ್ಮಾಮೀಟರ್ ನೂರಾ ಎರಡು ತೋರಿಸುತ್ತಿತ್ತು.